ಎರಡನೇ ವಿಮಾನ ನಿಲ್ದಾಣಕ್ಕೆ ಮುನ್ನ ಮೊದಲಿನದರ ಕಡತ ಬಿಚ್ಚಿ ನೋಡಿ

ಸಂಪಾದಕರಿಗೆ,

ಮಾನ್ಯರೇ,

ಬೆಂಗಳೂರಿನ ಎರಡನೇ ವಿಮಾನ ನಿಲ್ದಾಣಕ್ಕಾಗಿ ರಾಜ್ಯ ಸರ್ಕಾರವು ಕನಕಪುರ ರಸ್ತೆಯ ಕಡೆಯ ಚೂಡಹಳ್ಳಿ ಮತ್ತು ಸೋಮನಹಳ್ಳಿಗಳನ್ನೂ ನೆಲಮಂಗಲ–ಕುಣಿಗಲ್ ರಸ್ತೆಯ ಕಡೆಯ ಇನ್ನೊಂದು ಜಾಗವನ್ನೂ ಗುರುತಿಸಿರುವುದು, 2025ರ ಏಪ್ರಿಲ್‌ನಲ್ಲಿ ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರದ ತಂಡವೊಂದು ಬಂದು ಅವುಗಳನ್ನು ನೋಡಿಕೊಂಡು ಹೋದದ್ದು ತಮ್ಮ ಓದುಗರಿಗೆ ತಿಳಿದೇ ಇದೆ. ಅಂದಿನಿಂದ ನಡೆದಿರುವ ಮಾತುಕತೆಯೆಲ್ಲ ನಿಲ್ದಾಣ ಯಾವ ದಿಕ್ಕಿಗೆ ಬರಬೇಕು ಎಂಬುದರ ಸುತ್ತಲೇ ತಿರುಗುತ್ತಿದೆ. ಜಯನಗರದವರು ಕನಕಪುರ ರಸ್ತೆ ಎನ್ನುತ್ತಾರೆ, ತುಮಕೂರಿನವರು ನೆಲಮಂಗಲದ ಆಚೆ ಎನ್ನುತ್ತಾರೆ, ಇವೆರಡರ ಸುತ್ತ ಜಮೀನು ಕೊಂಡಿಟ್ಟವರು ತಂತಮ್ಮ ಜಮೀನಿನ ಪಕ್ಕ ಎನ್ನುತ್ತಾರೆ. ದಿಕ್ಕಿನ ವಿಷಯದಲ್ಲಿ ನನಗೆ ಹೆಚ್ಚು ಹಟವಿಲ್ಲ. ಆದರೆ ಈ ಊರಿನಲ್ಲಿ ಮೊದಲು ರನ್‌ವೇ, ಆಮೇಲೆ ರಸ್ತೆ, ಕಟ್ಟಕಡೆಗೆ ರೈಲು ಎಂಬ ತಲೆಕೆಳಗಾದ ಕ್ರಮವೊಂದು ಬೇರೂರಿದೆ. ಈ ಸಲವಾದರೂ ರೈಲು ಮಾರ್ಗ ನಿಶ್ಚಯವಾಗುವ ಮುನ್ನ ಒಂದು ಗುಂಟೆ ನೆಲಕ್ಕೂ ಅಧಿಸೂಚನೆ ಹೊರಡಿಸಬಾರದು ಎಂದು ಕೇಳಲು ಈ ಪತ್ರ ಬರೆಯುತ್ತಿದ್ದೇನೆ. ಪತ್ರ ಉದ್ದವಾಗಿದೆ, ವಿಷಯವೂ ಎಂಬತ್ತು ವರ್ಷಗಳಷ್ಟು ಉದ್ದದ್ದು ಎಂಬುದನ್ನು ಗಮನಿಸಿ ತಾವು ಕ್ಷಮಿಸಬೇಕು.

ನಾನು ಹುಟ್ಟಿ ಬೆಳೆದದ್ದು ಮುರುಗೇಶಪಾಳ್ಯದಲ್ಲಿ. ನಮ್ಮ ತಂದೆ ಎಚ್‌ಎಎಲ್ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಆ ಕಾರ್ಖಾನೆಯ ರನ್‌ವೇಯಲ್ಲೇ ಇದ್ದ ಊರಿನ ಹಳೇ ವಿಮಾನ ನಿಲ್ದಾಣವನ್ನು ನಮ್ಮ ಮನೆಯಲ್ಲಿ ಯಾರೂ ವಿಮಾನ ನಿಲ್ದಾಣ ಎಂದು ಕರೆದದ್ದು ನನಗೆ ನೆನಪಿಲ್ಲ, ಅದು ‘ಫ್ಯಾಕ್ಟರಿ ರನ್‌ವೇ’. ಈ ಹೆಸರಿನಲ್ಲಿ ಅದರ ಚರಿತ್ರೆಯೇ ಅಡಗಿದೆ. 1940ರ ಡಿಸೆಂಬರಿನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ಸಹಭಾಗಿತ್ವದಲ್ಲಿ, ಮುಂದೆ ಎಚ್‌ಎಎಲ್ ಎನಿಸಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಸ್ಥಾಪಿಸಿದರು. ಆಗ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರ ಆಸಕ್ತಿಯಿಂದ ಸಂಸ್ಥಾನವು ಸುಮಾರು 700 ಎಕರೆ ನೆಲವನ್ನೂ 25 ಲಕ್ಷ ರೂಪಾಯಿ ಬಂಡವಾಳವನ್ನೂ ಕೊಟ್ಟಿತು. ವಿಲಿಯಂ ಪಾಲಿ ಎಂಬ ಅಮೆರಿಕನ್ ಉದ್ಯಮಿ ಯಂತ್ರಗಳನ್ನೂ ತಂತ್ರಜ್ಞರನ್ನೂ ಒದಗಿಸಿದರು. 1941ರಲ್ಲಿ ಇಲ್ಲಿಯೇ ಜೋಡಿಸಿದ ಹಾರ್ಲೋ ತರಬೇತಿ ವಿಮಾನ ಹಾರಿತು. ಯುದ್ಧ ತೀವ್ರವಾದ ಮೇಲೆ ಭಾರತ ಸರ್ಕಾರ ಕಾರ್ಖಾನೆಯ ಆಡಳಿತವನ್ನು ವಹಿಸಿಕೊಂಡಿತು. 1943ರಿಂದ ಅದು ಅಮೆರಿಕನ್ ಸೇನೆಯ ವಿಮಾನಗಳನ್ನು ರಿಪೇರಿ ಮಾಡುವ ಡಿಪೋ ಆಯಿತು. ಅಂದರೆ ಬೆಂಗಳೂರಿನ ರನ್‌ವೇ ಹುಟ್ಟಿದ್ದು ವಿಮಾನ ಕಟ್ಟುವುದಕ್ಕೆ ಮತ್ತು ರಿಪೇರಿ ಮಾಡುವುದಕ್ಕೆ, ಪ್ರಯಾಣಿಕರಿಗಾಗಿ ಅಲ್ಲ.

ಪ್ರಯಾಣಿಕರು ಬಂದದ್ದು ಯುದ್ಧ ಮುಗಿದ ಮೇಲೆ. ಹೈದರಾಬಾದಿನ ಡೆಕ್ಕನ್ ಏರ್‌ವೇಸ್ ನಲವತ್ತರ ದಶಕದ ಕೊನೆಯ ಭಾಗದಲ್ಲಿ ಇಲ್ಲಿಗೆ ಹಾರಾಟ ನಡೆಸುತ್ತಿತ್ತು. 1953ರ ರಾಷ್ಟ್ರೀಕರಣದಲ್ಲಿ ಅದೂ ಅಂಥ ಇತರ ಕಂಪನಿಗಳೂ ಸೇರಿ ಇಂಡಿಯನ್ ಏರ್‌ಲೈನ್ಸ್ ಆಯಿತು. ಆದರೆ ರನ್‌ವೇ ಮಾತ್ರ ಕಾರ್ಖಾನೆಯದಾಗಿಯೇ ಉಳಿಯಿತು. ವಿಮಾನಗಳ ಸಂಚಾರ ನಿಯಂತ್ರಣವೂ ಎಚ್‌ಎಎಲ್‌ನದೇ. ಪ್ರಯಾಣಿಕರ ಟರ್ಮಿನಲ್ಲು ಮಾತ್ರ ಮೂಲೆಯಲ್ಲೊಂದು ಗುತ್ತಿಗೆಯ ಕೋಣೆಯಂತೆ ನಾಗರಿಕ ವಿಮಾನಯಾನದವರ ವಶದಲ್ಲಿತ್ತು. 1951ರಲ್ಲಿ ತರಬೇತಿ ವಿಮಾನ ಎಚ್‌ಟಿ–2, 1961ರಲ್ಲಿ ಯುದ್ಧ ವಿಮಾನ ಮರುತ್, 2001ರ ಜನವರಿ 4ರಂದು ಈಗ ತೇಜಸ್ ಎನಿಸಿಕೊಂಡಿರುವ ಹಗುರ ಯುದ್ಧ ವಿಮಾನ, ಇವೆಲ್ಲ ಮೊದಲ ಬಾರಿಗೆ ಗಾಳಿಗೇರಿದ್ದು ಬೆಂಗಳೂರಿನ ಈ ನೆಲದಿಂದಲೇ. ಮನೆಯ ಯಜಮಾನನ ಕೆಲಸ ನಡೆದು ಉಳಿದ ಹೊತ್ತಿನಲ್ಲಿ ಬಾಡಿಗೆಯವರು ಬಚ್ಚಲಿಗೆ ಹೋಗುವ ವಠಾರದ ಪದ್ಧತಿ ಹಳೆಯ ಬೆಂಗಳೂರಿನವರಿಗೆ ಗೊತ್ತು. ನಮ್ಮ ನಗರದ ವಿಮಾನ ಪ್ರಯಾಣಿಕರು ಆರು ದಶಕ ಹಾಗೆಯೇ ಕಳೆದರು.

ತೊಂಬತ್ತರ ದಶಕದವರೆಗೆ ಇದು ಯಾರಿಗೂ ಭಾರವೆನಿಸಲಿಲ್ಲ. ದಿನಕ್ಕೆ ಬೆರಳೆಣಿಕೆಯ ವಿಮಾನಗಳು, ಬೀಳ್ಕೊಡಲು ಬರುವ ಬಂಧುಬಳಗ, ಹೂವಿನ ಹಾರ, ಅಷ್ಟೇ. 1990ರ ಫೆಬ್ರುವರಿ 14ರಂದು ಮುಂಬೈಯಿಂದ ಬಂದ ಇಂಡಿಯನ್ ಏರ್‌ಲೈನ್ಸ್‌ನ ಏರ್‌ಬಸ್ ವಿಮಾನ ರನ್‌ವೇ ಮುಟ್ಟುವ ಮುನ್ನವೇ ಪಕ್ಕದ ಗಾಲ್ಫ್ ಮೈದಾನದಲ್ಲಿ ನೆಲಕ್ಕಪ್ಪಳಿಸಿ, ಅದರಲ್ಲಿದ್ದ 146 ಜನರಲ್ಲಿ 92 ಮಂದಿ ತೀರಿಕೊಂಡರು. ಆ ಮಧ್ಯಾಹ್ನ ಎದ್ದ ಹೊಗೆಯನ್ನು ನಮ್ಮ ಬೀದಿಯವರೆಲ್ಲ ಮಾಳಿಗೆ ಹತ್ತಿ ನೋಡಿದ್ದೆವು. ಅದು ಬಿದ್ದದ್ದು ಬಯಲಿನಲ್ಲಿ. ಸುತ್ತ ಆಗಲೇ ಮನೆಗಳು ದಟ್ಟವಾಗುತ್ತಿದ್ದವು. ಇನ್ನು ಮುಂದೆ ಏನು ಎಂಬ ಪ್ರಶ್ನೆ ಅಂದೇ ಎದ್ದಿತೆಂದು ನನ್ನ ಭಾವನೆ. ಮಾಹಿತಿ ತಂತ್ರಜ್ಞಾನದ ಕಂಪನಿಗಳು ಬೆಳೆದವು, 2003ರ ಆಗಸ್ಟ್‌ನಲ್ಲಿ ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್ ಹುಬ್ಬಳ್ಳಿ–ಬೆಂಗಳೂರು ನಡುವೆ ಹಾರಾಟ ಆರಂಭಿಸಿತು, 2005ರಲ್ಲಿ ಕಿಂಗ್‌ಫಿಷರ್ ಬಂತು. ಬಸ್ಸಿನಲ್ಲಿ ಹೋಗುತ್ತಿದ್ದವರೂ ವಿಮಾನ ಹತ್ತತೊಡಗಿದರು. ವರ್ಷಕ್ಕೆ 35 ಲಕ್ಷದ ಆಸುಪಾಸಿನ ಪ್ರಯಾಣಿಕರಿಗೆ ಸಾಲುವಂತಿದ್ದ ಆ ಕಟ್ಟಡದಲ್ಲಿ ಕೊನೆಯ ವರ್ಷಗಳಲ್ಲಿ ಒಂದು ಕೋಟಿಯ ಹತ್ತಿರ ಜನ ಓಡಾಡಿದರು.

ಹೊಸ ನಿಲ್ದಾಣದ ಯೋಚನೆ ಮಾತ್ರ ತಡವಾಗಿ ಹುಟ್ಟಿದ್ದಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. 1991ರಲ್ಲೇ ರಾಷ್ಟ್ರೀಯ ವಿಮಾನ ನಿಲ್ದಾಣ ಪ್ರಾಧಿಕಾರದ ಮಾಜಿ ಅಧ್ಯಕ್ಷ ಎಸ್. ರಾಮನಾಥನ್ ಅವರ ಸಮಿತಿ ಜಾಗ ಹುಡುಕಿ ನಗರದ ಉತ್ತರಕ್ಕಿರುವ ದೇವನಹಳ್ಳಿಯನ್ನು ಆರಿಸಿತ್ತು. 1994ರಲ್ಲಿ ಕೇಂದ್ರದ ಒಪ್ಪಿಗೆ ಸಿಕ್ಕಿತು. 1995ರ ಡಿಸೆಂಬರಿನಲ್ಲಿ ಟಾಟಾ, ಅಮೆರಿಕದ ರೇಥಿಯಾನ್ ಮತ್ತು ಸಿಂಗಪುರದ ಚಾಂಗಿ ವಿಮಾನ ನಿಲ್ದಾಣ ಇವುಗಳ ಕೂಟದೊಡನೆ ಒಡಂಬಡಿಕೆಯೂ ಆಯಿತು. ಎರಡೂವರೆ ವರ್ಷ ಕಾದು ಕುಳಿತ ಆ ಕೂಟ 1998ರ ಜೂನ್‌ನಲ್ಲಿ ಕೈಬಿಟ್ಟು ಹೋಯಿತು. ಕಾರಣಗಳಲ್ಲಿ ಮುಖ್ಯವಾದದ್ದು ಹಳೇ ನಿಲ್ದಾಣವನ್ನು ಮುಚ್ಚುವಿರೋ ಇಲ್ಲವೋ ಎಂಬ ಪ್ರಶ್ನೆಗೆ ಸರ್ಕಾರಗಳಿಂದ ನೇರ ಉತ್ತರ ಸಿಗದಿದ್ದದ್ದು. 2001ರಲ್ಲಿ ಬೆಂಗಳೂರು ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಸಂಸ್ಥೆ, ಎಂದರೆ ಬಿಐಎಎಲ್ ರೂಪುಗೊಂಡಿತು. ಸೀಮೆನ್ಸ್, ಜ್ಯೂರಿಕ್ ವಿಮಾನ ನಿಲ್ದಾಣ ಮತ್ತು ಲಾರ್ಸೆನ್ ಆ್ಯಂಡ್ ಟೂಬ್ರೊ ಅದರ ಖಾಸಗಿ ಪಾಲುದಾರರಾದವು. ರಾಜ್ಯದ ಪರವಾಗಿ ಕೈಗಾರಿಕಾ ಹೂಡಿಕೆ ನಿಗಮವೂ ಕೇಂದ್ರದ ಪರವಾಗಿ ವಿಮಾನ ನಿಲ್ದಾಣ ಪ್ರಾಧಿಕಾರವೂ ಶೇ 13ರಂತೆ ಪಾಲು ಇಟ್ಟುಕೊಂಡವು. ನಿಲ್ದಾಣ ಕಟ್ಟಿ ನಡೆಸುವ ಹಕ್ಕನ್ನು ಸಂಸ್ಥೆಗೆ ಕೊಡುವ ರಿಯಾಯಿತಿ ಒಪ್ಪಂದಕ್ಕೆ ಸಹಿ ಬಿದ್ದದ್ದು 2004ರ ಜುಲೈನಲ್ಲಿ, ಗುದ್ದಲಿ ಬಿದ್ದದ್ದು 2005ರ ಜುಲೈನಲ್ಲಿ. ಜಾಗ ಗೊತ್ತಾದ ಮೇಲೆ ಕಾಗದ ಪತ್ರಕ್ಕೆ 14 ವರ್ಷ ಹಿಡಿದರೆ, ರನ್‌ವೇ ಮತ್ತು ಟರ್ಮಿನಲ್ ಕಟ್ಟುವುದಕ್ಕೆ 32 ತಿಂಗಳು ಸಾಕಾಯಿತು. ಎಂಜಿನಿಯರುಗಳನ್ನು ಬೈಯುವ ಮುನ್ನ ಈ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು.

ಆ 14 ವರ್ಷ ಕಡತದಲ್ಲಿ ಕಳೆದುಹೋದ ಕಾಲವಾದರೂ ಅದರಲ್ಲಿ ಒಂದು ಲಾಭ ಮಾಡಿಕೊಳ್ಳಬಹುದಿತ್ತು. ಇಷ್ಟು ವರ್ಷ ಜಾಗ ಗೊತ್ತಿದ್ದಾಗ ಅಲ್ಲಿಗೆ ಹೋಗುವ ದಾರಿಯನ್ನು ನಿಧಾನವಾಗಿಯಾದರೂ ಸಿದ್ಧಪಡಿಸಿಕೊಳ್ಳಬಹುದಿತ್ತು. ದೇವನಹಳ್ಳಿಯ ಮೂಲಕ ಚಿಕ್ಕಬಳ್ಳಾಪುರಕ್ಕೆ ಹೋಗುವ ರೈಲು ಹಳಿ ಈ ನಿಲ್ದಾಣದ ಮಾತು ಹುಟ್ಟುವುದಕ್ಕೆ ಬಹಳ ಹಿಂದಿನದು. ರಾಮನಾಥನ್ ಸಮಿತಿಯವರು ಜಾಗ ನೋಡಲು ಬಂದಾಗಲೂ ಅದು ಅಲ್ಲಿಯೇ ಇತ್ತು. ನಿಲ್ದಾಣದ ಎಲ್ಲೆಗೆ ಮೂರು–ನಾಲ್ಕು ಕಿಲೋಮೀಟರ್ ದೂರದಲ್ಲಿ ಹಾದು ಹೋಗುವ ಆ ಹಳಿಯ ಮೇಲೆ ಒಂದು ಪುಟ್ಟ ತಂಗುದಾಣ ಕಟ್ಟಿಸಲು ನಮಗೆ 2021ರ ಜನವರಿಯವರೆಗೆ ಕಾಯಬೇಕಾಯಿತು. ನಿಲ್ದಾಣ ತೆರೆದದ್ದು 2008ರಲ್ಲಿ, ಹನ್ನೆರಡೂವರೆ ವರ್ಷ. ಇಂದಿಗೂ ಅಲ್ಲಿ ಇಳಿದವರು ಬಸ್ಸಿಗೆ ಕಾದು ಟರ್ಮಿನಲ್ ಮುಟ್ಟಬೇಕು. ದಿನಕ್ಕೆ ಕೆಲವೇ ರೈಲುಗಳು; ಅವುಗಳ ವೇಳೆಗೂ ವಿಮಾನಗಳ ವೇಳೆಗೂ ಸಂಬಂಧ ಕಡಿಮೆ. ನಿಲ್ದಾಣದಲ್ಲಿ ಕೆಲಸ ಮಾಡುವ ಹುಡುಗರಿಗೆ, ಕಸ ಗುಡಿಸುವ ಹೆಂಗಸರಿಗೆ ಅದರಿಂದ ಸ್ವಲ್ಪ ಅನುಕೂಲವಾಗಿದೆ, ಅಷ್ಟರ ಮಟ್ಟಿಗೆ ಒಳ್ಳೆಯದೇ. ಸೂಟ್‌ಕೇಸು ಹಿಡಿದ ಪ್ರಯಾಣಿಕನನ್ನು ನಾನು ಆ ರೈಲಿನಲ್ಲಿ ಕಂಡದ್ದು ಅಪರೂಪ.

ಮಧ್ಯೆ ಎಷ್ಟು ಯೋಜನೆಗಳು ಬಂದು ಹೋದವು ಎಂಬುದನ್ನು ನೆನೆದರೆ ನಗು ಬರುತ್ತದೆ. ನಗರದ ನಡುವಿನಿಂದ ನಿಲ್ದಾಣಕ್ಕೆ ಅತಿವೇಗದ ರೈಲು ಬಿಡುತ್ತೇವೆಂದು ಬಹುಕಾಲ ಮಾತನಾಡಿ ಕೊನೆಗೆ ಅದನ್ನು ಕೈಬಿಡಲಾಯಿತು. ಆಮೇಲೆ ಮೆಟ್ರೊ ಎಂದರು. ಸಿಲ್ಕ್ ಬೋರ್ಡಿನಿಂದ ಕೃಷ್ಣರಾಜಪುರ, ಹೆಬ್ಬಾಳಗಳ ಮೂಲಕ ನಿಲ್ದಾಣಕ್ಕೆ ಹೋಗುವ 58 ಕಿಲೋಮೀಟರ್ ಉದ್ದದ ನೀಲಿ ಮಾರ್ಗಕ್ಕೆ ಕೇಂದ್ರದ ಅನುಮೋದನೆ ಸಿಕ್ಕಿದ್ದು 2021ರ ಏಪ್ರಿಲ್‌ನಲ್ಲಿ, ಅಂದರೆ ನಿಲ್ದಾಣಕ್ಕೆ ಹದಿಮೂರು ತುಂಬುವ ಹೊತ್ತಿಗೆ. ಇನ್ನು ಉಪನಗರ ರೈಲು ಯೋಜನೆ. ಅದರ ನಾಲ್ಕು ಮಾರ್ಗಗಳಿಗೆ ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಎಂದು ಚೆಂದದ ಹೆಸರಿಟ್ಟರು. 2022ರ ಜೂನ್‌ನಲ್ಲಿ ಅಡಿಗಲ್ಲೂ ಬಿತ್ತು. ಮೆಜೆಸ್ಟಿಕ್ಕಿನಿಂದ ಯಲಹಂಕದ ಮೂಲಕ ದೇವನಹಳ್ಳಿಗೆ ಹೋಗಬೇಕಾದ, 41 ಕಿಲೋಮೀಟರಿನ ಮಾರ್ಗವೇ ಸಂಪಿಗೆ. ಕೆಲಸ ಮೊದಲು ಕೈಗೆತ್ತಿಕೊಂಡದ್ದು ಮಲ್ಲಿಗೆ ಮತ್ತು ಕನಕ ಮಾರ್ಗಗಳದ್ದು. ಸಂಪಿಗೆಗೆ ಹೆಸರು ಮಾತ್ರ ಅರಳಿದೆ, ಗಿಡ ನೆಟ್ಟಿಲ್ಲ. ಪಕ್ಕದ ಚೆನ್ನೈನಲ್ಲಿ ವಿಮಾನ ನಿಲ್ದಾಣದ ಎದುರಿಗೇ ತಿರುಸೂಲಂ ಉಪನಗರ ರೈಲು ನಿಲ್ದಾಣವಿದೆ, ಅದರ ಜೊತೆಗೆ 2016ರಿಂದ ಮೆಟ್ರೊ ಕೂಡ ಓಡುತ್ತಿದೆ. ದೆಹಲಿಯಲ್ಲಿ ನಿಲ್ದಾಣಕ್ಕೆಂದೇ ಹಾಕಿದ ಎಕ್ಸ್‌ಪ್ರೆಸ್ ಮಾರ್ಗ 2011ರಲ್ಲೇ ಆರಂಭವಾಯಿತು. ನಾವು ಯಾವುದಾದರೂ ಕಾಣದ ದೇಶದ ಉದಾಹರಣೆ ಹುಡುಕಿಕೊಂಡು ಹೋಗಬೇಕಾಗಿಲ್ಲ.

ರಸ್ತೆಯ ಕತೆಯೂ ಇದಕ್ಕೆ ಸೋದರ. ಹೆಬ್ಬಾಳದ ಮೇಲ್ಸೇತುವೆ 2003ರಲ್ಲಿ ಸಿದ್ಧವಾದಾಗ ದೇವನಹಳ್ಳಿಯ ನಿಲ್ದಾಣದ ತೀರ್ಮಾನವಾಗಿ ದಶಕವಾಗಿತ್ತು. ಆದರೂ ಆ ಸೇತುವೆಯ ಅಗಲವನ್ನು ನೋಡಿದರೆ ಯಾರಿಗೂ ಈ ಸುದ್ದಿ ತಲುಪಿದಂತೆ ಕಾಣುವುದಿಲ್ಲ. ನಿಲ್ದಾಣ ತೆರೆದ ಮೇಲೆ ಬಳ್ಳಾರಿ ರಸ್ತೆಯಲ್ಲಿ ಆರು ವರ್ಷ ಅಗೆತ. ಎತ್ತರಿಸಿದ ಮಾರ್ಗ ಪೂರ್ಣವಾಗಿ ಸಿಗ್ನಲ್ ಇಲ್ಲದೆ ಹೋಗುವ ಭಾಗ್ಯ ಬಂದದ್ದು 2014ರ ವೇಳೆಗೆ. ಅದರ ಜೊತೆಗೆ ಸಾದಹಳ್ಳಿಯ ಟೋಲ್ ಕೂಡ ಬಂತು. ಮನೆಯ ಮೆಟ್ಟಿಲಿಗೆ, ಒರಳಿಗೆ ಸಾದಹಳ್ಳಿ ಕಲ್ಲೆಂದರೆ ಹೆಸರಾಗಿದ್ದ ಆ ಊರು ಇಂದು ಟೋಲ್ ಕಟ್ಟುವ ಊರಾಗಿ ಮಾತ್ರ ಜನರ ಬಾಯಲ್ಲಿ ಉಳಿದಿದೆ. ಈ ಹದಿನೇಳು ವರ್ಷಗಳಲ್ಲಿ ಸಾಮಾನ್ಯ ಪ್ರಯಾಣಿಕನ ಕೈ ಹಿಡಿದದ್ದು ನಗರ ಸಾರಿಗೆಯ ವಾಯು ವಜ್ರ ಬಸ್ಸು ಒಂದೇ. ಅದರ ಚಾಲಕರಿಗೂ ನಿರ್ವಾಹಕರಿಗೂ ಯಾರಾದರೂ ಒಂದು ಫಲಕ ನೆಡಬೇಕೆಂದು ನನಗೆ ಅನೇಕ ಸಲ ಅನಿಸಿದೆ. ರಾತ್ರಿ ಎರಡು ಗಂಟೆಗೆ ಇಳಿದ ಮುದುಕರಿಗೂ ಟ್ಯಾಕ್ಸಿಯ ದರ ಕೇಳಿ ಬೆಚ್ಚಿದ ವಿದ್ಯಾರ್ಥಿಗಳಿಗೂ ಊರು ಸೇರಿಸಿದವರು ಅವರು.

ಇನ್ನು ಗಾತ್ರದ ಲೆಕ್ಕ. ದೇವನಹಳ್ಳಿಯ ಟರ್ಮಿನಲ್ಲನ್ನು ಮೊದಲು ವಿನ್ಯಾಸ ಮಾಡಿದ್ದು ವರ್ಷಕ್ಕೆ 45 ಲಕ್ಷ ಪ್ರಯಾಣಿಕರಿಗೆ. ಸಂಖ್ಯೆ ಏರುವುದನ್ನು ಕಂಡು ಕಾಮಗಾರಿ ನಡೆಯುವಾಗಲೇ ಅದನ್ನು ಸುಮಾರು 1.1 ಕೋಟಿಗೆ ಹಿಗ್ಗಿಸಿದರು. ಹಾಗಿದ್ದೂ ಬಾಗಿಲು ತೆರೆದ ದಿನವೇ ಅದು ಹೆಚ್ಚುಕಡಿಮೆ ತುಂಬಿಹೋಗಿತ್ತು, ಏಕೆಂದರೆ ಹಳೇ ನಿಲ್ದಾಣದ ಜನಸಂದಣಿಯೇ ಒಂದು ಕೋಟಿಯ ಹತ್ತಿರ ಇತ್ತು. 2013ರ ಡಿಸೆಂಬರಿನಲ್ಲಿ ಟರ್ಮಿನಲ್ ವಿಸ್ತರಿಸಿ 2 ಕೋಟಿ ಎಂದರು, 2018–19ರಲ್ಲಿ 3.3 ಕೋಟಿ ಜನ ಅದರಲ್ಲಿ ತೂರಿ ಹೋದರು. 2019ರ ಡಿಸೆಂಬರಿನಲ್ಲಿ 4,000 ಮೀಟರ್ ಉದ್ದದ ಎರಡನೇ ರನ್‌ವೇ ಬಂತು. 2022ರ ನವೆಂಬರ್ 11ರಂದು ಉದ್ಘಾಟನೆಗೊಂಡ ಎರಡನೇ ಟರ್ಮಿನಲ್‌ಗೆ ಮೊದಲ ಹಂತದಲ್ಲಿ ಸುಮಾರು 5,000 ಕೋಟಿ ರೂಪಾಯಿ ಖರ್ಚಾಗಿ, 2.5 ಕೋಟಿ ಪ್ರಯಾಣಿಕರ ಸಾಮರ್ಥ್ಯ ಸೇರಿಕೊಂಡಿತು. ಬಿದಿರಿನ ಚಾವಣಿ, ತೂಗುವ ಗಿಡಗಳು, ನೀರಿನ ಸದ್ದು ಎಲ್ಲ ಸೊಗಸಾಗಿವೆ, ಸುಳ್ಳು ಹೇಳಬಾರದು. 2023ರ ಜನವರಿ 15ರಂದು ಅಲ್ಲಿಂದ ಹೊರಟ ಮೊದಲ ವಿಮಾನ ಕಲಬುರಗಿಗೆ ಹೋದದ್ದಂತೂ ನನಗೆ ಬಹಳ ಹಿಡಿಸಿದ ಸಂಗತಿ. 2024–25ರಲ್ಲಿ ಪ್ರಯಾಣಿಕರ ಸಂಖ್ಯೆ 4.18 ಕೋಟಿ ತಲುಪಿದೆ. ಮೂವತ್ತು ವರ್ಷಗಳಲ್ಲಿ ಒಂದೇ ಒಂದು ಸಲವೂ ನಮ್ಮ ಅಂದಾಜು ಜನರ ಮುಂದೆ ಹೋಗಿಲ್ಲ. ಜನರೇ ಅಂದಾಜನ್ನು ಹಿಂದೆ ಹಾಕಿದ್ದಾರೆ.

ಕೆಂಪೇಗೌಡರ ಹೆಸರನ್ನು 2013ರಲ್ಲಿ ಇಟ್ಟದ್ದೂ ಆಮೇಲೆ 108 ಅಡಿಯ ಕಂಚಿನ ಪ್ರತಿಮೆ ನಿಲ್ಲಿಸಿದ್ದೂ ಸರಿಯೇ. ನಿಲ್ದಾಣದಿಂದ ಉತ್ತರಕ್ಕೆ ಸ್ವಲ್ಪ ದೂರದ ಆವತಿ ಕೆಂಪೇಗೌಡರ ಮೂಲಪುರುಷರು ನೆಲೆ ನಿಂತ ಊರು ಎಂಬುದನ್ನು ಬಲ್ಲವರಿಗೆ ಈ ಹೆಸರು ಇನ್ನೂ ಹೊಂದುತ್ತದೆ. ಕೆರೆ ಕಟ್ಟಿಸಿ, ಪೇಟೆ ಹರವಿ, ನಾಲ್ಕು ದಿಕ್ಕಿಗೆ ದಾರಿ ಬಿಡಿಸಿ ಊರು ಕಟ್ಟಿದವನ ಹೆಸರಿನ ನಿಲ್ದಾಣಕ್ಕೆ ದಾರಿಯೇ ಕಡೆಗೆ ಬಂದಿತೆಂಬುದು ಬೇರೆ ಮಾತು.

ಈಗ ಒಪ್ಪಂದದ ಒಂದು ಕಲಮಿನ ಬಗ್ಗೆ. ಹೊಸ ನಿಲ್ದಾಣ ತೆರೆದ ದಿನದಿಂದ 25 ವರ್ಷ, ಅದರಿಂದ ವಾಯುಮಾರ್ಗದಲ್ಲಿ 150 ಕಿಲೋಮೀಟರ್ ಒಳಗೆ ಪೈಪೋಟಿಗೆ ಮತ್ತೊಂದು ಅಂತರರಾಷ್ಟ್ರೀಯ ನಿಲ್ದಾಣ ಬೆಳೆಯಲು ಬಿಡುವುದಿಲ್ಲವೆಂದು ಸರ್ಕಾರ 2004ರಲ್ಲಿ ಮಾತು ಕೊಟ್ಟಿದೆ. ಹಳೇ ನಿಲ್ದಾಣವನ್ನು ನಾಗರಿಕ ವಿಮಾನಗಳಿಗೆ ಮುಚ್ಚುವುದೂ ಒಪ್ಪಂದದ ಭಾಗವಾಗಿತ್ತು. ಇದು ಜನರಿಗೆ ಗೊತ್ತಾದದ್ದು ಯಾವಾಗ? ಸಹಿ ಬಿದ್ದು ಹೆಚ್ಚುಕಡಿಮೆ ನಾಲ್ಕು ವರ್ಷ ಕಳೆದು, ನಿಲ್ದಾಣ ಮುಚ್ಚುವ ದಿನ ಹತ್ತಿರ ಬಂದಾಗ. 2008ರ ಮಾರ್ಚ್‌ನಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರದ ನೌಕರರು ಹೈದರಾಬಾದಿನ ಬೇಗಂಪೇಟೆ ಮತ್ತು ಬೆಂಗಳೂರು ನಿಲ್ದಾಣಗಳನ್ನು ಮುಚ್ಚಬಾರದೆಂದು ದೇಶದಾದ್ಯಂತ ಮುಷ್ಕರ ಹೂಡಿದರು. ಮಾರ್ಚ್ ಕೊನೆಗೆ ಎಂದಿದ್ದ ಉದ್ಘಾಟನೆ ವಿಮಾನ ಸಂಚಾರ ನಿಯಂತ್ರಣದ ವ್ಯವಸ್ಥೆ ಸಿದ್ಧವಾಗದೆ ಮೇ ತಿಂಗಳಿಗೆ ಜಾರಿತು. ಮೇ 23ರ ರಾತ್ರಿ ಉಚ್ಚ ನ್ಯಾಯಾಲಯದಲ್ಲಿ ಹೊತ್ತು ಮೀರಿಯೂ ವಿಚಾರಣೆ ನಡೆಯುತ್ತಿತ್ತು. ನಾವು ಕೆಲವರು ಮುರುಗೇಶಪಾಳ್ಯದ ರಸ್ತೆಯಂಚಿನಲ್ಲಿ ಚಹಾ ಹಿಡಿದುಕೊಂಡು ಕೊನೆಯ ವಿಮಾನಗಳು ತಲೆಯ ಮೇಲೆ ಹಾದುಹೋಗುವುದನ್ನು ನೋಡುತ್ತ ನಿಂತಿದ್ದೆವು. ಮಧ್ಯರಾತ್ರಿ ದಾಟಿದ ಮೇಲೆ ಆಕಾಶ ಎಷ್ಟು ಮೌನವಾಯಿತೆಂದರೆ, ನಮ್ಮ ನೆರೆಮನೆಯ ಅಜ್ಜಿ ಮಾರನೆಯ ದಿನ ತನಗೆ ನಿದ್ರೆಯೇ ಬರಲಿಲ್ಲ ಎಂದಿದ್ದರು. ಮುಂಬೈಯಿಂದ ಬಂದು ಸಿಂಗಪುರಕ್ಕೆ ಹೋಗಬೇಕಿದ್ದ ಏರ್ ಇಂಡಿಯಾದ ವಿಮಾನವನ್ನು ಆ ರಾತ್ರಿಯೇ ದೇವನಹಳ್ಳಿಯಲ್ಲಿ ಇಳಿಸಿಕೊಂಡರು. ಉದ್ಘಾಟನೆಯ ಸಮಾರಂಭ ಮಾತ್ರ ನಡೆಯಲಿಲ್ಲ.

ಆ ನೆನಪಿಗೆ ಜೋತುಬಿದ್ದು ಎಚ್‌ಎಎಲ್ ನಿಲ್ದಾಣವನ್ನು ಮತ್ತೆ ತೆರೆಯಿರಿ ಎನ್ನುವವರ ಗುಂಪಿಗೆ ನಾನು ಸೇರಿದವನಲ್ಲ. ಮುಂಬೈ ನೋಡಿ, ನವೀ ಮುಂಬೈಯ ನಿಲ್ದಾಣವನ್ನು 2025ರ ಅಕ್ಟೋಬರಿನಲ್ಲಿ ಉದ್ಘಾಟಿಸಿದ ಮೇಲೂ ಹಳೆಯದನ್ನು ಮುಚ್ಚಿಲ್ಲ, ನಾವೇಕೆ ಮುಚ್ಚಬೇಕಿತ್ತು ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ನಮ್ಮ ಹಳೇ ರನ್‌ವೇ ಯುದ್ಧ ವಿಮಾನಗಳ ಪರೀಕ್ಷೆ ನಡೆಯುವ ನೆಲ. ಸುತ್ತ ದೊಮ್ಮಲೂರಿನಿಂದ ಮಾರತ್ತಹಳ್ಳಿಯವರೆಗೆ ಕಟ್ಟಡಗಳು ಎದೆಗೆ ಎದೆ ತಾಗಿಸಿ ನಿಂತಿವೆ. ಅದರ ಮುಂದಿನ ರಸ್ತೆ ಈಗಲೇ ಸಂಜೆ ಆರರಿಂದ ಒಂಬತ್ತರವರೆಗೆ ಕದಲುವುದಿಲ್ಲ. ಅಲ್ಲಿಗೆ ವರ್ಷಕ್ಕೆ ಐವತ್ತು ಲಕ್ಷ ಜನರನ್ನು ಮತ್ತೆ ಕರೆತರುವುದೆಂದರೆ ಮುಳುಗುತ್ತಿರುವ ದೋಣಿಗೆ ಮೂಟೆ ಏರಿಸಿದ ಹಾಗೆ. ಗಣ್ಯರ ವಿಮಾನಗಳು, ಬಾಡಿಗೆ ವಿಮಾನಗಳು ಅಲ್ಲಿ ಇಳಿಯುತ್ತಿವೆ, ಅಷ್ಟಿರಲಿ.

ನೆಲ ಕಳೆದುಕೊಂಡವರ ವಿಷಯ ಹೇಳದೆ ಈ ಚರಿತ್ರೆ ಪೂರ್ತಿಯಾಗುವುದಿಲ್ಲ. ದೇವನಹಳ್ಳಿಯ ನಿಲ್ದಾಣ ಕುಳಿತಿರುವುದು ಸುಮಾರು 4,000 ಎಕರೆಯಲ್ಲಿ. ಅರಿಶಿನಕುಂಟೆ, ಗಂಗಮುತ್ತನಹಳ್ಳಿ ಮುಂತಾದ ಊರುಗಳವರ ದ್ರಾಕ್ಷಿ ತೋಟ, ಹಿಪ್ಪುನೇರಳೆ ಕಡ್ಡಿ, ರಾಗಿ ಹೊಲ ಹೋದದ್ದು ಆ ಎಕರೆಗಳಲ್ಲಿ. ದೇವನಹಳ್ಳಿಯ ಚಕ್ಕೋತಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದೆ. ಆದರೆ ಮರಗಳಿಗಿಂತ ಮಾನ್ಯತೆಯ ಫಲಕಗಳೇ ಹೆಚ್ಚಾಗುತ್ತಿವೆಯೇನೋ ಎನ್ನುವಂತಿದೆ. ನಿಲ್ದಾಣಕ್ಕೆ ಕೊಟ್ಟ ನೆಲದ ಲೆಕ್ಕ ಮುಗಿದರೂ ನಿಲ್ದಾಣದ ಹೆಸರಿನಲ್ಲಿ ಕೇಳುವ ನೆಲದ ಲೆಕ್ಕ ಮುಗಿಯಲಿಲ್ಲ. ಏರೋಸ್ಪೇಸ್ ಪಾರ್ಕ್ ವಿಸ್ತರಣೆಗೆಂದು ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳಲ್ಲಿ 1,777 ಎಕರೆ ಸ್ವಾಧೀನಕ್ಕೆ ಸರ್ಕಾರ ಹೊರಟಾಗ ರೈತರು 2022ರಿಂದ ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕುಳಿತರು. 2025ರ ಜುಲೈ 15ರಂದು ಮುಖ್ಯಮಂತ್ರಿಗಳು ಸ್ವಾಧೀನ ಕೈಬಿಡುವುದಾಗಿ ಪ್ರಕಟಿಸಿದರು. ಅಂದು ಹೋರಾಟದ ಪಂದಲಿನಲ್ಲಿ ಸಿಹಿ ಹಂಚಿದರಂತೆ. ಇಂಥ ಧರಣಿಗೆ ಕನಕಪುರ ರಸ್ತೆಯವರೋ ಕುಣಿಗಲ್ ರಸ್ತೆಯವರೋ ಮುಂದೊಂದು ದಿನ ಕೂರಬೇಕಾಗಿ ಬರಬಾರದಾದರೆ, ಈಗ ಕೇಳುತ್ತಿರುವ ಸುಮಾರು 5,000 ಎಕರೆಯಲ್ಲಿ ರನ್‌ವೇಗೆ ಎಷ್ಟು, ಟರ್ಮಿನಲ್‌ಗೆ ಎಷ್ಟು, ಹೋಟೆಲು ಮಾಲುಗಳ ವ್ಯಾಪಾರಕ್ಕೆ ಎಷ್ಟು ಎಂಬುದನ್ನು ಸರ್ವೆ ನಂಬರಿನ ಸಮೇತ ಮೊದಲೇ ಹೇಳಬೇಕು.

ಈಗಿನ ಮೂರು ಜಾಗಗಳನ್ನು ರೈಲಿನ ಕಣ್ಣಿನಿಂದ ನೋಡಿದವರು ಕಡಿಮೆ. ಕನಕಪುರ ರಸ್ತೆಯಲ್ಲಿ ಹಸಿರು ಮೆಟ್ರೊ 2021ರ ಜನವರಿಯಿಂದ ಸಿಲ್ಕ್ ಇನ್‌ಸ್ಟಿಟ್ಯೂಟ್‌ವರೆಗೆ ಬಂದು ನಿಂತಿದೆ. ಸೋಮನಹಳ್ಳಿಗೆ ಅಲ್ಲಿಂದ ಕಗ್ಗಲೀಪುರ ದಾಟಿ ಹಳಿ ಎಳೆಯಬೇಕು. ಬನ್ನೇರುಘಟ್ಟದ ಕಾಡು ದೂರವಿಲ್ಲ, ಆನೆಗಳ ದಾರಿಯ ಪ್ರಶ್ನೆ ಏಳದೆ ಇರದು. ತುಮಕೂರು ರಸ್ತೆಯ ಕಡೆ ಅದೇ ಹಸಿರು ಮೆಟ್ರೊ 2024ರ ನವೆಂಬರಿನಿಂದ ಮಾದಾವರ ಮುಟ್ಟಿದೆ. ಅದಕ್ಕಿಂತ ಮುಖ್ಯವಾಗಿ, ಚಿಕ್ಕಬಾಣಾವರದಿಂದ ನೆಲಮಂಗಲ, ಕುಣಿಗಲ್, ಶ್ರವಣಬೆಳಗೊಳಗಳ ಮೂಲಕ ಹಾಸನಕ್ಕೆ ಹೋಗುವ ರೈಲು ಮಾರ್ಗ 2017ರಲ್ಲೇ ಸಿದ್ಧವಾಗಿದೆ. ಹಾಸನ, ಮಂಗಳೂರು ಕಡೆಯಿಂದ ಬರುವವರು ಬೆಂಗಳೂರಿನ ಹೊಟ್ಟೆಯೊಳಗೆ ಹೊಕ್ಕು ಹೊರಬರದೆ ನೇರವಾಗಿ ವಿಮಾನ ಹತ್ತಬಹುದಾದ ಏಕೈಕ ಜಾಗ ಅದು. ದಿಕ್ಕಿನ ಹಟ ನನಗಿಲ್ಲವೆಂದು ಮೊದಲೇ ಹೇಳಿದ್ದೇನೆ, ಆದರೂ ಹಳಿ ಈಗಾಗಲೇ ಇರುವ ಕಡೆಗೆ ನನ್ನ ಮನಸ್ಸು ವಾಲುತ್ತದೆ ಎಂಬುದನ್ನು ಮುಚ್ಚಿಡುವುದಿಲ್ಲ. ಆ ಮಾರ್ಗವನ್ನು ಜೋಡಿ ಹಳಿ ಮಾಡಿ, ಟರ್ಮಿನಲ್ಲಿನ ಕೆಳಗೇ ರೈಲು ನಿಲ್ಲುವಂತೆ ಬಾಗಿಸಿ, ಆ ನಕ್ಷೆಯನ್ನು ಮುಂದಿಟ್ಟುಕೊಂಡು ರನ್‌ವೇ ಗುರುತಿಸುವುದಾದರೆ ಕೆಲಸದ ಕ್ರಮ ಸರಿಯಾಗುತ್ತದೆ.

ಅವಸರ ಮಾಡಬೇಕೆನ್ನುವವರು ತಮಿಳುನಾಡು 2024ರ ಜೂನ್‌ನಲ್ಲಿ ಹೊಸೂರಿಗೆ ವರ್ಷಕ್ಕೆ ಮೂರು ಕೋಟಿ ಪ್ರಯಾಣಿಕರ ನಿಲ್ದಾಣ ಘೋಷಿಸಿರುವುದನ್ನು ತೋರಿಸುತ್ತಾರೆ. ಎಲೆಕ್ಟ್ರಾನಿಕ್ ಸಿಟಿಯವರಿಗೆ ಹೊಸೂರು ದೇವನಹಳ್ಳಿಗಿಂತ ಹತ್ತಿರ ಎಂಬುದು ನಿಜ. ಆದರೆ 150 ಕಿಲೋಮೀಟರಿನ ಆ ಕಲಮು ಹೊಸೂರಿಗೂ ಅಡ್ಡ ನಿಲ್ಲುತ್ತದೆ, ನಮಗೂ ಅಡ್ಡ ನಿಲ್ಲುತ್ತದೆ. 2033ರ ಮೇ ತಿಂಗಳವರೆಗೆ ಎರಡೂ ರಾಜ್ಯಗಳಿಗೆ ಕೈ ಕಟ್ಟಿದೆ. ಆದ್ದರಿಂದ ಈ ವರ್ಷಗಳು ಓಟಕ್ಕಿಂತ ತಯಾರಿಗೆ ಹೊಂದುವ ವರ್ಷಗಳು. 1991ರಿಂದ 2005ರವರೆಗೆ ಸಿಕ್ಕಿದ್ದ ಇಂಥದೇ ಬಿಡುವನ್ನು ನಾವು ಪೋಲು ಮಾಡಿಕೊಂಡೆವು.

ಸರ್ಕಾರದಲ್ಲಿ ನನ್ನ ಕೋರಿಕೆ ಇಷ್ಟು. ಮೂರೂ ಜಾಗಗಳಿಗೆ ರೈಲು ಮತ್ತು ಮೆಟ್ರೊ ಹೇಗೆ ತಲುಪುತ್ತದೆ, ಹಣ ಯಾರು ಕೊಡುತ್ತಾರೆ, ರನ್‌ವೇಯ ಮೊದಲ ವಿಮಾನಕ್ಕಿಂತ ಮುಂಚೆ ಹಳಿಯ ಮೇಲೆ ಮೊದಲ ರೈಲು ಓಡುತ್ತದೆಯೇ ಎಂಬುದನ್ನು ಕನ್ನಡದಲ್ಲಿ ಅಚ್ಚು ಮಾಡಿಸಿ, ಆಯಾ ಗ್ರಾಮ ಪಂಚಾಯಿತಿಗಳ ಕಟ್ಟೆಯ ಮೇಲೆ ಮೂರು ತಿಂಗಳು ಇಡಬೇಕು. ಮುಂದಿನ ಪಾಲುದಾರರ ಜೊತೆಗಿನ ಒಪ್ಪಂದದ ಕರಡನ್ನೂ, ಅದರಲ್ಲಿ ಎಷ್ಟು ಕಿಲೋಮೀಟರಿನ, ಎಷ್ಟು ವರ್ಷದ ನಿರ್ಬಂಧವಿರುತ್ತದೆ ಎಂಬುದನ್ನೂ ಸಹಿಗೆ ಮುಂಚೆಯೇ ವಿಧಾನಮಂಡಲದ ಮುಂದಿಡಬೇಕು. ಸಂಪಿಗೆ ಮಾರ್ಗದ ಕೆಲಸ ಆರಂಭಿಸುವ ದಿನಾಂಕವನ್ನು ಎರಡನೇ ನಿಲ್ದಾಣದ ಅಧಿಸೂಚನೆಗೂ ಮೊದಲು ಪ್ರಕಟಿಸಬೇಕು. ಇರುವ ನಿಲ್ದಾಣಕ್ಕೇ ರೈಲು ಬಿಡಲಾಗದವರು ಇಲ್ಲದ ನಿಲ್ದಾಣಕ್ಕೆ ಬಿಡುತ್ತೇವೆಂದರೆ ಸೋಮನಹಳ್ಳಿಯ ರೈತರಿರಲಿ, ನಮ್ಮ ಮುರುಗೇಶಪಾಳ್ಯದ ಚಹಾದಂಗಡಿಯವನೂ ನಂಬಲಾರ.

ತಮ್ಮ ವಿಶ್ವಾಸಿ,
ನಿವೃತ್ತ ನೌಕರನೊಬ್ಬ
ಮುರುಗೇಶಪಾಳ್ಯ, ಬೆಂಗಳೂರು